ಹಂಚಿಕೆಯ ಸ್ಟ್ರಿಂಗುಗಳ ವಿಸರ್ಜನೆ

ಪೈಥಾನ್ ಭಾಷೆಯ ಇಂಟರ್ಪ್ರಿಟರ್ ಮುಗಿಯುವ ವೇಳೆಯಲ್ಲಿ ತಾನು ಪಡೆದ ಮೆಮೊರಿಯನ್ನು ಹಿಂದಿರುಗಿಸುವ ಕ್ರಮವನ್ನು, ಹೇಗೂ ಆಪರೇಟಿಂಗ್ ಸಿಸ್ಟಂ ಎಲ್ಲವನ್ನೂ ವಶಪಡಿಸಿಕೊಳ್ಳುವುದೆಂಬ ಸಮಾಧಾನದಿಂದ ಉಪೇಕ್ಷಿಸುವವರುಂಟು. ಒಂದು ಸ್ಕ್ರಿಪ್ಟನ್ನು ಓಡಿಸಿ ಮುಗಿಸುವವನಿಗೆ ಅಷ್ಟು ಸಾಕು. ಬೇರೊಂದು ದೊಡ್ಡ ಪ್ರೋಗ್ರಾಮಿನ ಒಳಗೆ ಇಂಟರ್ಪ್ರಿಟರನ್ನು ಮತ್ತೆ ಮತ್ತೆ ತೆರೆದು ಮುಚ್ಚುವವನಿಗಾದರೋ, ಉಳಿದುಹೋದ ಪ್ರತಿಯೊಂದು ಬೈಟೂ ತೀರದ ಋಣವೇ ಸರಿ.

ಹಂಚಿಕೆಯ ಸ್ಟ್ರಿಂಗುಗಳಲ್ಲಿ ಈ ಪ್ರಶ್ನೆ ಅತ್ಯಂತ ಸೂಕ್ಷ್ಮವಾಗುತ್ತದೆ. ‘ಸೆಲ್ಫ್’ ಎಂಬ ಹೆಸರು ಸಾವಿರ ಕಡೆ ಬಂದರೂ ಪ್ರತಿ ಒಂದೇ ಇರಲೆಂದು ಪೈಥಾನಿನ ಪ್ರಮಾಣಿತ ಇಂಟರ್ಪ್ರಿಟರಾದ ಸಿಪೈಥಾನ್ ಅದನ್ನು ಆಂತರಿಕ ಡಿಕ್ಷನರಿಯೊಂದರಲ್ಲಿ ಇಂಟರ್ನ್ ಮಾಡಿಡುತ್ತದೆ. ಹಾಗಾಗಿ ಎರಡು ಹೆಸರುಗಳನ್ನು ಅಕ್ಷರ ಅಕ್ಷರವಾಗಿ ಹೋಲಿಸದೆ, ವಿಳಾಸವನ್ನಷ್ಟೇ ನೋಡಿ ಅವು ಒಂದೇ ಎಂದು ಗುರುತಿಸಬಹುದು. ಆ ಡಿಕ್ಷನರಿಯಲ್ಲಿ ಕೀಲಿಯೂ ಅದೇ ಸ್ಟ್ರಿಂಗು, ಮೌಲ್ಯವೂ ಅದೇ. ಈ ಎರಡು ರೆಫರೆನ್ಸುಗಳನ್ನು ಗಣನೆಗೆ ಹಿಡಿದರೆ, ಸ್ಟ್ರಿಂಗನ್ನು ಎಷ್ಟು ಕಡೆಯಿಂದ ಹಿಡಿದಿದ್ದಾರೆಂಬುದರ ಎಣಿಕೆಯಾದ ರೆಫರೆನ್ಸ್ ಕೌಂಟ್ ಎಂದೆಂದಿಗೂ ಸೊನ್ನೆಗಿಳಿಯದಾದ್ದರಿಂದ ಅವನ್ನು ಬೇಕೆಂದೇ ಹೊರಗಿಟ್ಟಿದ್ದಾರೆ; ಹೊರಗಿನ ಕೊನೆಯ ಬಳಕೆ ತೀರಿದೊಡನೆ ಸ್ಟ್ರಿಂಗು ಡಿಕ್ಷನರಿಯಿಂದ ತನ್ನನ್ನು ತಾನೇ ತೆಗೆದುಹಾಕಿಕೊಂಡು ಹೋಗುತ್ತದೆ. ಇಂಟರ್ನ್ ಆದ ಸ್ಟ್ರಿಂಗುಗಳ ಅಮರತ್ವವನ್ನು 2.3ನೆಯ ಆವೃತ್ತಿಯಲ್ಲಿ ನೀಗಿದ ಈ ಯುಕ್ತಿಯನ್ನು ನಾನು ಮನಸಾರೆ ಮೆಚ್ಚುತ್ತೇನೆ. ಮುಚ್ಚುವ ಹೊತ್ತಿಗೆ ಮಾತ್ರ, ಬಿಟ್ಟಿದ್ದ ಆ ಎರಡನ್ನೂ ಮೊದಲು ಕೌಂಟಿಗೆ ಮರಳಿ ಸೇರಿಸಿ ಅನಂತರ ಡಿಕ್ಷನರಿಯನ್ನು ಬರಿದುಮಾಡಬೇಕು. ಇಲ್ಲದಿದ್ದರೆ ಇನ್ನೂ ಬಳಕೆಯಲ್ಲಿರುವ ಸ್ಟ್ರಿಂಗೇ ಬಿಡುಗಡೆಯಾಗಿ ಪ್ರೋಗ್ರಾಂ ಕುಸಿದೀತು. ಮಾಡ್ಯೂಲುಗಳೂ ಟೈಪುಗಳೂ ಈ ಹೆಸರುಗಳನ್ನೇ ಆಶ್ರಯಿಸಿರುವುದರಿಂದ ಇವುಗಳ ಸರದಿ ಅವೆಲ್ಲದರ ಅನಂತರವೇ ಬರತಕ್ಕದ್ದು.

2023ರ 3.12ನೆಯ ಆವೃತ್ತಿ, ರೆಫರೆನ್ಸ್ ಕೌಂಟ್ ಬದಲಾಗದ ‘ಅಮರ’ ವಸ್ತುಗಳ ವರ್ಗವನ್ನು ತಂದು, ಇಂಟರ್ನ್ ಆದ ಸ್ಟ್ರಿಂಗುಗಳೆಲ್ಲವನ್ನೂ ಅದರೊಳಕ್ಕೆ ಸೇರಿಸಿಬಿಟ್ಟಿತು. ಒಂದೇ ಪ್ರೊಸೆಸ್ಸಿನಲ್ಲಿ ಹಲವು ಇಂಟರ್ಪ್ರಿಟರುಗಳು ತಂತಮ್ಮ ಲಾಕ್ ಹಿಡಿದು ಓಡಲು ಅನುವಾದದ್ದೂ ಅದೇ ಆವೃತ್ತಿಯಲ್ಲಿ. ಅಂಥಲ್ಲಿ ಎಲ್ಲರೂ ಮುಟ್ಟುವ ಕೌಂಟು ಸ್ಥಿರವಾಗಿರುವುದು ಅಪೇಕ್ಷಣೀಯವೇ. ಆದರೆ ಅಲ್ಪಾಯುಗಳಾಗಬೇಕಾಗಿದ್ದ, ಪ್ರೋಗ್ರಾಮರನು ತಾನೇ ಇಂಟರ್ನ್ ಮಾಡಿಸಿದ ಸ್ಟ್ರಿಂಗುಗಳಿಗೂ ಅಮರತ್ವವನ್ನು ದಯಪಾಲಿಸಿದ್ದು ವಿವೇಕವಾಗಲಿಲ್ಲ: ದೀರ್ಘಕಾಲ ಓಡುವ ಸರ್ವರಿನಲ್ಲಿ ಅವು ಬಳಕೆ ತೀರಿದ ಮೇಲೂ ಸ್ಥಳ ಹಿಡಿದುಕೊಂಡೇ ಇರುತ್ತಿದ್ದವು. 2024ರ 3.13 ಅವನ್ನು ಮತ್ತೆ ಮರ್ತ್ಯವಾಗಿಸಿದ್ದು ಯೋಗ್ಯವಾದ ತಿದ್ದುಪಡಿ. ಆದರೂ ಇಂಟರ್ಪ್ರಿಟರನ್ನು ಮುಚ್ಚುವ ಫಂಕ್ಷನ್ನಿನ ಅಧಿಕೃತ ವಿವರಣೆಯಲ್ಲಿ, ಅಲ್ಪ ಪ್ರಮಾಣದ ಮೆಮೊರಿ ಬಿಡುಗಡೆಯಾಗದೆ ಉಳಿಯಬಹುದೆಂಬ ಎಚ್ಚರಿಕೆ ಇನ್ನೂ ನಿಂತಿದೆ. ಆ ವಾಕ್ಯವನ್ನು ತೆಗೆದುಹಾಕುವ ಧೈರ್ಯ ಬರುವವರೆಗೆ ಈ ಕಾರ್ಯ ಅಪೂರ್ಣವೆಂದೇ ನನ್ನ ಅಭಿಮತ.