ಪಿಸ್ತೂಲಿನ ಗುಂಡಿನ ಗಾತ್ರ: ೧೯೦೪ರ ಅಮೆರಿಕದ ವರದಿಯೊಂದರ ವಿಮರ್ಶೆ

ಒಂದು ವರದಿಯ ಸಿದ್ಧಾಂತವು ಸತ್ಯವೆ ಎಂಬುದು ಒಂದು ಪ್ರಶ್ನೆ. ಅದು ಅಲ್ಲಿ ಕೊಟ್ಟಿರುವ ಪ್ರಮಾಣಗಳಿಂದ ಸಿದ್ಧವಾಗುವುದೆ ಎಂಬುದು ಬೇರೊಂದು ಪ್ರಶ್ನೆ. ಪಿಸ್ತೂಲಿನ ಗುಂಡುಗಳನ್ನು ಕುರಿತು ೧೯೦೪ರಲ್ಲಿ ಅಮೆರಿಕದ ಸೈನ್ಯಕ್ಕಾಗಿ ಸಿದ್ಧವಾದ ವರದಿಯನ್ನು ಹೊಗಳುವವರು ಸಾಮಾನ್ಯವಾಗಿ ಇವೆರಡನ್ನೂ ಒಂದೆಂದೇ ಭಾವಿಸುವರು.

ಫಿಲಿಪೈನ್ ದ್ವೀಪಗಳ ಯುದ್ಧದಲ್ಲಿ ೦.೩೮ ಅಂಗುಲದ ರಿವಾಲ್ವರಿನ ಗುಂಡು ತಗುಲಿದ ಮೇಲೂ ಮೋರೋ ಯೋಧರು ನಿಲ್ಲದೆ ಮೇಲ್ವಾಯುತ್ತಿದ್ದರೆಂದು ದೂರುಗಳು ಬಂದುವು. ಇದರ ಪರೀಕ್ಷೆಯನ್ನು ಸೇನಾಧಿಕಾರಿ ಜಾನ್ ಥಾಂಪ್ಸನ್, ಸೇನಾವೈದ್ಯ ಲೂಯಿ ಲಗಾರ್ಡ್ ಎಂಬಿಬ್ಬರಿಗೆ ವಹಿಸಲಾಯಿತು. ಅವರು ಶಿಕಾಗೊ ನಗರದ ಕಸಾಯಿಖಾನೆಯ ದೊಡ್ಡಿಯಲ್ಲಿ ಜೀವಂತ ದನಗಳ ಮೇಲೂ, ಅದಲ್ಲದೆ ಮನುಷ್ಯರ ಶವಗಳ ಮೇಲೂ ನಾನಾ ಗಾತ್ರದ ಗುಂಡುಗಳನ್ನು ಹಾರಿಸಿ ನೋಡಿದರು. ಸೈನ್ಯದ ಪಿಸ್ತೂಲಿಗೆ ೦.೪೫ ಅಂಗುಲಕ್ಕೆ ಕಡಮೆಯಿಲ್ಲದ ಗುಂಡು ಬೇಕೆಂಬುದು ಅವರ ನಿಗಮನ. ೧೯೧೧ರಲ್ಲಿ ಅಂಗೀಕೃತವಾದ ಪಿಸ್ತೂಲು ಆ ಅಳತೆಯದೇ. ೧೯೮೫ರಲ್ಲಿ ಅದರ ಸ್ಥಾನಕ್ಕೆ ೯ ಮಿಲಿಮೀಟರಿನ ಪಿಸ್ತೂಲು ಬಂದಿತು.

ಈಗ ಹೇತುಗಳನ್ನು ಪರಿಶೀಲಿಸೋಣ. ತೂಗುಹಾಕಿದ ಶವವು ಗುಂಡಿನ ಪೆಟ್ಟಿಗೆ ಎಷ್ಟು ಓಲಾಡಿತೆಂಬುದನ್ನು ಕಣ್ಣಂದಾಜಿನಿಂದ ನಿರ್ಣಯಿಸಿ, ಅದನ್ನೇ ಆಘಾತದ ಅಳತೆಯೆಂದು ಹಿಡಿದರು. ಆದರೆ ಓಲಾಟವು ಸೂಚಿಸುವುದು ಗುಂಡಿನ ತೂಕ ವೇಗಗಳ ಗುಣಲಬ್ಧವನ್ನು. ರಕ್ತಸ್ರಾವವನ್ನಾಗಲಿ, ಪ್ರಜ್ಞೆ ತಪ್ಪುವುದನ್ನಾಗಲಿ ಅಲ್ಲ. ಭಾರವಾದ ಗುಂಡೇ ಗೆಲ್ಲುವುದೆಂಬುದು ಅಳತೆಗೋಲನ್ನು ಆರಿಸಿಕೊಂಡಾಗಲೇ ನಿಶ್ಚಿತವಾಗಿದ್ದಿತು. ಸಾಧಿಸಬೇಕಾದುದನ್ನೇ ಹೇತುವಿನೊಳಗೆ ಅಡಗಿಸಿಡುವ ಇಂಥ ದೋಷವನ್ನು ನಮ್ಮ ನೈಯಾಯಿಕರು ಸಾಧ್ಯಸಮವೆನ್ನುವರು. ದನಗಳ ಪರೀಕ್ಷೆಯಲ್ಲಿಯೂ ಒಂದೊಂದು ಬಗೆಯ ಗುಂಡಿಗೆ ದೊರೆತ ಪ್ರಾಣಿಗಳು ಅತ್ಯಲ್ಪ. ಗಾತ್ರದೊಡನೆ ಗುಂಡಿನ ಆಕಾರ, ಲೋಹ, ವೇಗ ಇವೂ ಬದಲಾಗುತ್ತಿದ್ದುವು. ಹೀಗಿರಲು ಫಲದ ಭೇದಕ್ಕೆ ಗಾತ್ರವೊಂದೇ ಕಾರಣವೆಂಬ ವ್ಯಾಪ್ತಿ ಸಿದ್ಧಿಸದು.

ಆದರೂ ಗ್ರಂಥಕರ್ತರಿಗೆ ಅನ್ಯಾಯವಾಗಬಾರದು. ಮರ್ಮಸ್ಥಾನಕ್ಕೆ ತಗುಲದಿದ್ದರೆ ಯಾವ ಪಿಸ್ತೂಲಿನ ಗುಂಡನ್ನೂ ನಂಬುವಂತಿಲ್ಲವೆಂದೂ, ಆದಕಾರಣ ಸೈನಿಕರಿಗೆ ಗುರಿಯ ಅಭ್ಯಾಸವನ್ನು ಎಡೆಬಿಡದೆ ಮಾಡಿಸಬೇಕೆಂದೂ ಅವರೇ ಹೇಳಿದ್ದಾರೆ. ಅವರು ಕಂಡದ್ದರಿಂದ ನಿಜವಾಗಿ ಹೊರಡುವ ಸಿದ್ಧಾಂತ ಇದು. ಲೋಕವು ನೆನಪಿನಲ್ಲಿಟ್ಟುಕೊಂಡದ್ದು ಮಾತ್ರ ೦.೪೫ ಎಂಬ ಅಂಕೆಯನ್ನು.

ಮುಂದಿನ ಚರಿತ್ರೆ ಈ ಮಾತಿಗೆ ಪೋಷಕವಾಗಿದೆ. ೧೯೮೬ರಲ್ಲಿ ಮಯಾಮಿಯ ಬಳಿ ನಡೆದ ಕಾಳಗದಲ್ಲಿ ೯ ಮಿಲಿಮೀಟರಿನ ಗುಂಡೊಂದು ಅಪರಾಧಿಯ ಹೃದಯವನ್ನು ಮುಟ್ಟುವ ಮೊದಲೇ ನಿಂತುಹೋಯಿತು. ಅಮೆರಿಕದ ಕೇಂದ್ರ ತನಿಖಾ ಸಂಸ್ಥೆಯಾದ ಎಫ್.ಬಿ.ಐ. ಇಬ್ಬರನ್ನು ಕಳೆದುಕೊಂಡಿತು. ಅನಂತರ ಆ ಸಂಸ್ಥೆಯವರು ನೂರಕ್ಕೆ ೧೦ ಪಾಲಿನ ಜೆಲಟಿನ್ ಗಟ್ಟಿಯೊಳಕ್ಕೆ ಗುಂಡು ಹೊಡೆದು, ಅದು ೧೨ರಿಂದ ೧೮ ಅಂಗುಲ ಆಳಕ್ಕೆ ಇಳಿಯಬೇಕೆಂದು ವಿಧಿಸಿದರು. ಜೆಲಟಿನ್ನಿಗೆ ಮೂಳೆಯಿಲ್ಲ, ಹೃದಯವಿಲ್ಲ, ಭಯವೂ ಇಲ್ಲ; ಆದರೆ ಆಳವನ್ನೂ ಗುಂಡು ಅರಳುವ ಬಗೆಯನ್ನೂ ಹೊರತು ಬೇರೇನನ್ನೂ ಹೇಳುವೆನೆಂಬ ಹಮ್ಮೂ ಅದಕ್ಕಿಲ್ಲ. ಮೊದಲು ದೊಡ್ಡ ಗುಂಡುಗಳತ್ತ ಹೊರಳಿದ ಅದೇ ಸಂಸ್ಥೆಯ ತರಬೇತಿ ವಿಭಾಗವು ೨೦೧೪ರಲ್ಲಿ ಮತ್ತೆ ೯ ಮಿಲಿಮೀಟರನ್ನೇ ಸಮರ್ಥಿಸಿತು. ಗುಂಡಿನ ರಚನೆ ಸುಧಾರಿಸಿದ ಮೇಲೆ ಗಾಯಗಳಲ್ಲಿ ಹೇಳಿಕೊಳ್ಳುವಂಥ ಭೇದ ಉಳಿಯಲಿಲ್ಲವೆಂದೂ, ಚಿಕ್ಕ ಗುಂಡಿನಿಂದ ಗುರಿ ಹೆಚ್ಚು ನೆಟ್ಟಗಾಗುವುದೆಂದೂ ಅದರ ವಾದ.

ಆದುದರಿಂದ ೧೯೦೪ರ ವರದಿಯಲ್ಲಿ ಬಾಳಿಕೆ ಬಂದುದು ಅದಕ್ಕೆ ಕೀರ್ತಿ ತಂದ ಅಂಕೆಯಲ್ಲ, ಯಾರೂ ಹೆಚ್ಚಾಗಿ ಗಮನಿಸದ ಆ ಎರಡನೆಯ ಮಾತು. ಗ್ರಂಥಗಳ ನಿಗಮನವನ್ನಷ್ಟೇ ಓದಿ ಪುಟ ಮಗುಚುವ ಅಭ್ಯಾಸ ನಮ್ಮಲ್ಲಿಯೂ ಇರುವುದರಿಂದ, ಈ ಉದಾಹರಣೆಯನ್ನು ವಾಚಕರ ಮುಂದಿಡುವುದು ಉಚಿತವೆಂದು ತೋರಿತು.