ಸ್ವಿನ್ಲಿ ಫಾರೆಸ್ಟ್ ಗಾಲ್ಫ್ ಅಂಗಳ: ಒಂದು ವಿಮರ್ಶೆ

ಲಂಡನ್ನಿನ ಪಶ್ಚಿಮಕ್ಕೆ, ಬರ್ಕ್‌ಶೈರಿನ ಆಸ್ಕಟ್ ಊರಿನ ಬಳಿಯಿರುವ ಸ್ವಿನ್ಲಿ ಫಾರೆಸ್ಟ್ ಇಂಗ್ಲೆಂಡಿನ ಅತ್ಯಂತ ಸೊಗಸಾದ ಹೀತ್‌ಲ್ಯಾಂಡ್ ಗಾಲ್ಫ್ ಅಂಗಳಗಳಲ್ಲೊಂದು. 1909ರಲ್ಲಿ ಲಾರ್ಡ್ ಡರ್ಬಿಯವರ ಮುಂದಾಳ್ತನದಲ್ಲಿ ಕ್ಲಬ್ ಹುಟ್ಟಿತು. ಅಂಗಳವನ್ನು ರೂಪಿಸಿದವರು ಹ್ಯಾರಿ ಕೋಲ್ಟ್ (1869–1951). ವಕೀಲಿಕೆಯಿಂದ ಗಾಲ್ಫಿಗೆ ಬಂದು ನೆರೆಯ ಸನಿಂಗ್‌ಡೇಲ್ ಕ್ಲಬ್ಬಿನ ಕಾರ್ಯದರ್ಶಿಯಾಗಿದ್ದ ಅವರಿಗೆ ಈ ನೆಲದ ಗುಣ ಚೆನ್ನಾಗಿ ಗೊತ್ತಿತ್ತು.

ಹೀತ್ ಎಂದರೆ ಸಾರವಿಲ್ಲದ, ಆಮ್ಲೀಯವಾದ ಮರಳುನೆಲ. ಬೇಸಾಯಕ್ಕೆ ಒಗ್ಗದ ಈ ನೆಲ ಗಾಲ್ಫಿಗೆ ಹೇಳಿ ಮಾಡಿಸಿದ್ದು. ಮಳೆನೀರು ನಿಲ್ಲದೆ ಇಂಗುತ್ತದೆ, ಹುಲ್ಲು ಗಿಡ್ಡವಾಗಿ ಬಿಗಿಯಾಗಿ ಬೆಳೆಯುತ್ತದೆ, ಬಿದ್ದ ಚೆಂಡು ಹೂತುಕೊಳ್ಳದೆ ಉರುಳುತ್ತದೆ. ಅಂಚಿನ ಹೆದರ್ ಪೊದೆಗಳು ಬೇಸಿಗೆಯ ಕೊನೆಗೆ ನೇರಳೆ ಹೂ ಹೊದ್ದು ನಿಲ್ಲುತ್ತವೆ. ಹೂವಿನ ಕೆಳಗಿರುವುದು ಮಾತ್ರ ಗಟ್ಟಿ ಕಡ್ಡಿಗಳ ಜಾಲ. ಅದರೊಳಗೆ ಸಿಕ್ಕ ಚೆಂಡನ್ನು ಹೊರಗೆ ಹಾಕುವಷ್ಟರಲ್ಲಿ ಒಂದು ಹೊಡೆತ ಹೋಗಿರುತ್ತದೆ.

ಇಂದಿನ ಬಹುತೇಕ ಚಾಂಪಿಯನ್‌ಷಿಪ್ ಅಂಗಳಗಳು ಉದ್ದದಲ್ಲಿ 7,000 ಗಜ ದಾಟಿವೆ. ಸ್ವಿನ್ಲಿ 6,500 ಗಜವನ್ನೂ ಮುಟ್ಟುವುದಿಲ್ಲ. ಪಾರ್, ಅಂದರೆ ಆಟ ಮುಗಿಸಲು ನಿಗದಿಯಾದ ಹೊಡೆತಗಳ ಎಣಿಕೆ, 70ಕ್ಕಿಂತ ಕಡಿಮೆ. ಇದನ್ನು ಕೊರತೆಯೆಂದು ಎಣಿಸುವವರು ಅಂಗಳದ ತಿರುಳನ್ನೇ ಕಾಣದೆ ಹೋಗುತ್ತಾರೆ. ಅದರ ಜೀವವಿರುವುದು 4, 8, 10, 13 ಮತ್ತು 17ನೆಯ ಹೋಲ್‌ಗಳಲ್ಲಿ, ಅಂದರೆ ಐದು ಪಾರ್-3ಗಳಲ್ಲಿ. ಕೋಲ್ಟ್ ಮೊದಲು ಗ್ರೀನ್‌ಗೆ (ಕುಳಿಯಿರುವ ಹುಲ್ಲುಹಾಸಿಗೆ) ತಕ್ಕ ಜಾಗ ಹುಡುಕುತ್ತಿದ್ದರು, ಮೊದಲ ಹೊಡೆತದ ಜಾಗವಾದ ಟೀ ಆಮೇಲಿನ ಮಾತು ಎಂಬುದು ಇಲ್ಲಿ ಹೆಜ್ಜೆಹೆಜ್ಜೆಗೂ ಮನದಟ್ಟಾಗುತ್ತದೆ. ನಾಲ್ಕನೆಯದರಲ್ಲಿ ಗ್ರೀನ್ ಎತ್ತರದ ದಿಬ್ಬದ ಮೇಲಿದೆ, ಅದರ ಇಳಿಜಾರಿನಲ್ಲಿ ಬಂಕರ್‌ಗಳಿವೆ. ದೂರ ಸಾಲದ ಹೊಡೆತ ಬಂಕರಿನ ಮರಳಿಗೆ ಬೀಳುತ್ತದೆ, ಅತಿಯಾದದ್ದು ಗ್ರೀನ್ ದಾಟಿ ಹೋಗುತ್ತದೆ. ಬರಿಯ ತೋಳ್ಬಲ ಇಲ್ಲಿ ಕೆಲಸಕ್ಕೆ ಬಾರದು. ದೂರದ ಅಂದಾಜು ನಿಖರವಾಗಿರಬೇಕು. ಪಾರ್-4ಗಳೂ ಸುಲಭದವಲ್ಲ. ರೋಡೊಡೆಂಡ್ರಾನ್ ಪೊದೆಗಳ ಸಾಲಿನ ಪಕ್ಕದಲ್ಲಿ ಸಾಗುವ ಹನ್ನೆರಡನೆಯದು ಅವುಗಳಲ್ಲಿ ಹೆಸರಾದದ್ದು.

ಅಮೆರಿಕದ ಪೈನ್ ವ್ಯಾಲಿ ಅಂಗಳದ ವಿನ್ಯಾಸದಲ್ಲೂ ಕೈಯಾಡಿಸಿದ ಕೋಲ್ಟ್, ತಮ್ಮ ಅಂಗಳಗಳಲ್ಲಿ ಅತಿ ಕಡಿಮೆ ಕೆಟ್ಟದ್ದು ಸ್ವಿನ್ಲಿ ಎಂದಿದ್ದರೆಂಬ ಮಾತು ಗಾಲ್ಫ್ ವಲಯದಲ್ಲಿ ಇಂದಿಗೂ ಓಡಾಡುತ್ತದೆ. ಸಂಕೋಚದ ಈ ಮಾತಿನಲ್ಲಿ ನಿಜವಿದೆ. ನೆಲದ ಏರಿಳಿತವನ್ನು ಇಷ್ಟು ಕಡಿಮೆ ಕೆದಕಿ ಇಷ್ಟು ಬಗೆಯ ಹೊಡೆತಗಳನ್ನು ಬೇಡುವ ಅಂಗಳಗಳು ವಿರಳ.

ಆಕ್ಷೇಪವೆತ್ತಬೇಕಾದದ್ದು ಗಿಡಮರಗಳ ವಿಷಯದಲ್ಲಿ. ಹೀತ್ ತಾನಾಗಿ ಉಳಿಯುವ ಭೂದೃಶ್ಯವಲ್ಲ. ದನಕುರಿಗಳ ಮೇಯುವಿಕೆ, ಉರುವಲಿಗಾಗಿ ನಡೆದ ಕಟಾವು ಅದನ್ನು ಶತಮಾನಗಳ ಕಾಲ ಬಯಲಾಗಿ ಇರಿಸಿದ್ದವು. ಅವು ನಿಂತಲ್ಲಿ ಪೈನ್, ಬರ್ಚ್ ಮರಗಳು ಮೇಲೇಳುತ್ತವೆ, ನೆರಳಿನಲ್ಲಿ ಹೆದರ್ ಸೊರಗುತ್ತದೆ. ಹೊರನಾಡಿನಿಂದ ಬಂದ ರೋಡೊಡೆಂಡ್ರಾನ್ ವಸಂತದಲ್ಲಿ ಕಣ್ಣಿಗೆ ಹಬ್ಬವಾದರೂ ಅದರ ದಟ್ಟ ನೆರಳಿನಡಿ ಹೆದರ್ ಬದುಕದು. ಸ್ವಿನ್ಲಿಯ ಚೆಲುವಿಗೆ ಜನ ಈ ಹೂಗಳನ್ನೇ ಹೆಚ್ಚಾಗಿ ಹೊಗಳುತ್ತಾರೆ. ಆದರೆ ಕೋಲ್ಟ್ ಕಟ್ಟಿದ ಆಟಕ್ಕೆ ಬೇಕಾದದ್ದು ಹೆದರ್. ಎರಡರಲ್ಲಿ ಒಂದನ್ನು ಆರಿಸುವ ಸಂದರ್ಭ ಬಂದಲ್ಲೆಲ್ಲ ರೋಡೊಡೆಂಡ್ರಾನ್ ಅನ್ನೇ ಕಡಿಯಬೇಕು.