ಎಣಿಕೆಗೆ ಸಿಗದ ಓದುಗ

ಒಂದು ಪತ್ರಿಕೆಯ ಯೋಗ್ಯತೆಯನ್ನು ಅದರ ಪುಟ ತಿರುವಿ ಅಳೆಯುವ ಬದಲು ಅದಕ್ಕೆ ಎಷ್ಟು ಓದುಗರಿದ್ದಾರೆಂದು ಕೇಳಿ ಅಳೆಯುವ ಚಾಳಿ ನಮ್ಮಲ್ಲಿ ಹಳೆಯದು. ಅಂತರ್ಜಾಲ ಬಂದ ಮೇಲೆ ಈ ಚಾಳಿಗೆ ಯಂತ್ರದ ಬೆಂಬಲವೂ ಸಿಕ್ಕಿತು. ಯಾವ ಜಾಲತಾಣ ಎಷ್ಟನೆಯ ಸ್ಥಾನದಲ್ಲಿದೆ ಎಂದು ಹೇಳುವ ಪಟ್ಟಿಗಳು ಹುಟ್ಟಿಕೊಂಡವು. ಯಂತ್ರ ಹೇಳಿದ್ದೆಂದರೆ ಸತ್ಯವೇ ಇರಬೇಕು ಎಂದು ನಾವೂ ತಲೆಯಾಡಿಸಿದೆವು.

ಇಂಥ ಪಟ್ಟಿಗಳಲ್ಲಿ ಬಹುಕಾಲ ಮೆರೆದದ್ದು ಅಲೆಕ್ಸಾ. 1996ರಲ್ಲಿ ಆರಂಭವಾಗಿ, 1999ರಲ್ಲಿ ಅಮೆಜಾನ್ ಪಾಲಾದ ಈ ಸಂಸ್ಥೆ 2022ರ ಮೇ 1ರಂದು ತನ್ನ ಸೇವೆಯನ್ನು ಮುಚ್ಚಿತು. ಅದು ಜಗತ್ತಿನ ಎಲ್ಲ ಓದುಗರನ್ನೂ ಎಣಿಸುತ್ತಿತ್ತು ಎಂದು ನಂಬಿದವರು ಬಹಳ. ವಾಸ್ತವದಲ್ಲಿ ಅದು ಮುಖ್ಯವಾಗಿ ನೆಚ್ಚಿಕೊಂಡಿದ್ದು ತನ್ನ ಟೂಲ್‌ಬಾರನ್ನು ಕಂಪ್ಯೂಟರಿನಲ್ಲಿ ಹಾಕಿಕೊಂಡವರ ಓಡಾಟವನ್ನು. ಆ ಕೆಲವರ ನಡೆಯಿಂದ ಇಡೀ ಲೋಕದ ನಡೆಯನ್ನು ಊಹಿಸಿ, ಮೂರು ತಿಂಗಳ ಸರಾಸರಿ ತೆಗೆದು ಸ್ಥಾನ ಕೊಡುತ್ತಿತ್ತು. ಒಂದು ಲಕ್ಷದಾಚೆಗಿನ ಸ್ಥಾನಗಳನ್ನು ಹೆಚ್ಚು ನಂಬಬೇಡಿ ಎಂದು ಅದೇ ಹೇಳುತ್ತಿತ್ತು. ಸಣ್ಣ ಭಾಷೆಗಳ ಹೆಚ್ಚಿನ ತಾಣಗಳು ಇದ್ದದ್ದು ಆ ನಂಬಲಾಗದ ಸೀಮೆಯಲ್ಲೇ.

ನಮ್ಮ ಸಾಗರದ ಅಡಿಕೆ ಮಂಡಿ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಚೀಲದಿಂದ ಒಂದು ಹಿಡಿ ತೆಗೆದು ಇಡೀ ಚೀಲದ ದರ ಕಟ್ಟುತ್ತಾರೆ. ಹಿಡಿ ಎಲ್ಲಿಂದ ತೆಗೆದರು ಎಂಬುದೇ ಮುಖ್ಯ. ಕೈ ಹಾಕುವ ಜಾಗ ಮೊದಲೇ ಗೊತ್ತಿದ್ದರೆ, ಚೀಲದ ಬಾಯಿಗೆ ಒಳ್ಳೆಯ ಅಡಿಕೆ ಜೋಡಿಸಿಡುವುದು ಕಷ್ಟದ ಕೆಲಸವಲ್ಲ.

ಜಾಲತಾಣದವರು ಮಾಡಿದ್ದೂ ಇದನ್ನೇ. ಕಚೇರಿಯ ಎಲ್ಲ ಕಂಪ್ಯೂಟರುಗಳಿಗೂ ಟೂಲ್‌ಬಾರ್ ಹಾಕಿ, ದಿನವೂ ತಮ್ಮ ತಾಣವನ್ನೇ ತೆರೆಸಿದರು. ನೀನು ನನ್ನ ಪುಟ ತೆರೆ, ನಾನು ನಿನ್ನದು ತೆರೆಯುತ್ತೇನೆ ಎಂಬ ಕೊಡುಕೊಳ್ಳುವಿಕೆಯ ಕೂಟಗಳು ಹುಟ್ಟಿದವು. ಮನುಷ್ಯರ ಬದಲು ತಂತ್ರಾಂಶಗಳೇ ಪುಟ ತೆರೆಯತೊಡಗಿದವು. ಇನ್ನು 'ಹಿಟ್ಸ್' ಎಂಬ ಮಾತಿನ ಮಾಯೆ ಬೇರೆ. ಇಪ್ಪತ್ತು ಚಿತ್ರಗಳಿರುವ ಒಂದು ಪುಟವನ್ನು ಒಬ್ಬ ಒಮ್ಮೆ ತೆರೆದರೆ ಇಪ್ಪತ್ತೊಂದು ಹಿಟ್! ಮುಷಾಯಿರಾದಲ್ಲಿ ಶಾಯರನ ಶಿಷ್ಯರೇ ಮುಂದಿನ ಸಾಲಿನಲ್ಲಿ ಕೂತು 'ಮುಕರ್ರರ್, ಮುಕರ್ರರ್' ಎಂದು ಕೂಗುವುದಕ್ಕೂ ಇದಕ್ಕೂ ಏನು ವ್ಯತ್ಯಾಸ?

2019ರಲ್ಲಿ 'ಟ್ರ್ಯಾಂಕೋ' ಎಂಬ ಹೊಸ ಪಟ್ಟಿಯನ್ನು ಮುಂದಿಟ್ಟ ಸಂಶೋಧಕರು ಹಳೆಯ ಪಟ್ಟಿಗಳನ್ನು ತಾವೇ ತಿದ್ದಿ ನೋಡಿದರು. ಅಲೆಕ್ಸಾದ ವಿಷಯದಲ್ಲಂತೂ ಒಂದೇ ಒಂದು ಕೋರಿಕೆ ಕಳಿಸಿ ಸ್ಥಾನ ಬದಲಿಸಬಹುದೆಂದು ತೋರಿಸಿದರು.

ಟಿವಿಯ ಕಥೆಯೂ ಬೇರೆಯಲ್ಲ. 2020ರಲ್ಲಿ ದೇಶದ ಸುಮಾರು 20 ಕೋಟಿ ಟಿವಿ ಮನೆಗಳ ಅಭಿರುಚಿಯನ್ನು ಬಾರ್ಕ್ ಸಂಸ್ಥೆ ಸುಮಾರು 44 ಸಾವಿರ ಮನೆಗಳ ಮೀಟರುಗಳಿಂದ ಅಳೆಯುತ್ತಿತ್ತು. ಅಂದರೆ ಒಂದು ಮನೆಯ ರಿಮೋಟು ನಾಲ್ಕೂವರೆ ಸಾವಿರ ಮನೆಗಳ ಪರವಾಗಿ ಮಾತಾಡುತ್ತಿತ್ತು. ಆ ವರ್ಷದ ಅಕ್ಟೋಬರಿನಲ್ಲಿ, ಮೀಟರ್ ಇರುವ ಮನೆಗಳಿಗೆ ಹಣ ಕೊಟ್ಟು ಕೆಲವು ಚಾನೆಲ್ ಹಾಕಿಸಿಡಲಾಗುತ್ತಿದೆ ಎಂದು ಮುಂಬೈ ಪೊಲೀಸರು ಆರೋಪಿಸಿದರು. ಚಾನೆಲ್‌ಗಳು ಅಲ್ಲಗಳೆದವು. 2024ರಲ್ಲಿ ಮೊಕದ್ದಮೆಯನ್ನು ಹಿಂಪಡೆಯಲಾಯಿತು. ಆದರೆ ಆರೋಪ ಬಂದ ತಿಂಗಳೇ ಬಾರ್ಕ್ ಸುದ್ದಿವಾಹಿನಿಗಳ ರೇಟಿಂಗ್ ನಿಲ್ಲಿಸಿತು. ಅದು ಮರಳಿದ್ದು 2022ರ ಮಾರ್ಚಿನಲ್ಲಿ. ಅಷ್ಟು ಕಾಲ ಕನ್ನಡದ ಸುದ್ದಿವಾಹಿನಿಗಳೂ ಅಂಕಿಯಿಲ್ಲದೆಯೇ ನಡೆದವು. ಯಾರ ಮನೆಯಲ್ಲೂ ಒಲೆ ಆರಲಿಲ್ಲ.

ಇದು ವ್ಯಾಪಾರಿಗಳ ಜಗಳ, ನಮಗೇನು ಎಂದು ಸುಮ್ಮನಿರುವಂತಿಲ್ಲ. ಜಾಹೀರಾತು ಅಂಕಿಯ ಹಿಂದೆ ಹೋಗುತ್ತದೆ. ಸುದ್ದಿ ಜಾಹೀರಾತಿನ ಹಿಂದೆ ಹೋಗುತ್ತದೆ. ಕೇಂದ್ರ ಸರ್ಕಾರ 2023ರಲ್ಲಿ ತಂದ ಡಿಜಿಟಲ್ ಜಾಹೀರಾತು ನೀತಿಯೂ ಭೇಟಿ ಕೊಡುವವರ ಸಂಖ್ಯೆಯನ್ನು ಮಾನದಂಡವಾಗಿ ಇಟ್ಟುಕೊಂಡಿದೆ. ತೆರಿಗೆದಾರನ ಹಣವೂ ಇದೇ ತಕ್ಕಡಿಯಲ್ಲಿ ತೂಗಿ ಹಂಚಿಕೆಯಾಗುತ್ತದೆ ಎಂದ ಮೇಲೆ ತಕ್ಕಡಿಯನ್ನು ಪರೀಕ್ಷಿಸುವ ಹಕ್ಕು ನಮಗಿದೆ.

ಇನ್ನೂ ದೊಡ್ಡ ಅಪಾಯವೊಂದಿದೆ. ಅಂಕಿಗೆ ಓದುಗನ ಮನಸ್ಸು ಕಾಣುವುದಿಲ್ಲ. ಒಬ್ಬ ಸಿಟ್ಟಿನಿಂದ ತೆರೆದದ್ದು, ಇನ್ನೊಬ್ಬ ಭಯದಿಂದ ತೆರೆದದ್ದು, ಮತ್ತೊಬ್ಬ ಪ್ರೀತಿಯಿಂದ ಓದಿದ್ದು ಎಲ್ಲವೂ ಅದಕ್ಕೆ ಒಂದೊಂದೇ. ಒಂದೇ ಬೀದಿಯಲ್ಲಿ ಬಾಳುವ ಹಿಂದೂ ಮುಸ್ಲಿಮರ ನಡುವೆ ಅನುಮಾನ ಬಿತ್ತುವ ತಲೆಬರಹ ಜನರನ್ನು ಬೇಗ ಸೆಳೆಯುತ್ತದೆ. ಸಮಾಧಾನದಿಂದ ಬರೆದ ವರದಿ ನಿಧಾನವಾಗಿ ಓದಿಸಿಕೊಳ್ಳುತ್ತದೆ. ಮೊದಲನೆಯದನ್ನೇ ಅಂಕಿ ಮತ್ತೆ ಮತ್ತೆ ಮೆಚ್ಚುತ್ತಾ ಹೋದರೆ, ಬರೆಯುವವನ ಕೈಯೂ ಕ್ರಮೇಣ ಅತ್ತಲೇ ವಾಲುತ್ತದೆ. ಹುಸಿ ಭೇಟಿಗಿಂತ ಈ ನಿಜವಾದ ಭೇಟಿಯೇ ಹೆಚ್ಚು ಭಯ ಹುಟ್ಟಿಸುವಂಥದ್ದು. ಹುಸಿಯನ್ನು ಒಬ್ಬ ಲೆಕ್ಕಿಗ ಹಿಡಿದುಬಿಡಬಹುದು. ಇದನ್ನು ಹಿಡಿಯುವವರು ಯಾರು?

1960ರ ದಶಕದಲ್ಲಿ ಗೋಪಾಲಕೃಷ್ಣ ಅಡಿಗರು ಸಾಗರದ ಕಾಲೇಜಿನಲ್ಲಿ ಪ್ರಾಂಶುಪಾಲರಾಗಿದ್ದರು. ಅವರು ಸಂಪಾದಿಸುತ್ತಿದ್ದ 'ಸಾಕ್ಷಿ'ಯ ಪ್ರಕಟಣೆಗೆ ಹೆಗ್ಗೋಡಿನ ಕೆ.ವಿ. ಸುಬ್ಬಣ್ಣನವರ ಬೆಂಬಲವಿತ್ತು. ಜನಪ್ರಿಯ ವಾರಪತ್ರಿಕೆಗಳ ಪಕ್ಕದಲ್ಲಿ ಇಟ್ಟರೆ ಅದರ ಪ್ರಸಾರ ತೀರಾ ಸಣ್ಣದು. ಯಾವ ಪಟ್ಟಿಯಲ್ಲೂ ಅದಕ್ಕೆ ಸ್ಥಾನ ಸಿಗುತ್ತಿರಲಿಲ್ಲ. ಆದರೂ ಕನ್ನಡದ ನವ್ಯ ವಿಮರ್ಶೆಯ ಚರ್ಚೆ 'ಸಾಕ್ಷಿ'ಯನ್ನು ಬಿಟ್ಟು ಮುಂದೆ ಹೋಗುವುದಿಲ್ಲ.

ಅಂಕಿಗಳೇ ಬೇಡ ಎಂದು ಇದರ ಅರ್ಥವಲ್ಲ. ಓದುಗರೆಷ್ಟೆಂದು ತಿಳಿಯುವ ಆಸೆ ಸಹಜವಾದದ್ದು. ಆದರೆ ಅಂಕಿ ಕಂಡಾಗ ಮೂರು ಪ್ರಶ್ನೆ ಕೇಳೋಣ: ಎಣಿಸಿದವರು ಯಾರು? ಯಾರನ್ನು ಎಣಿಸಿದರು? ಎಣಿಕೆ ಹೆಚ್ಚಾದರೆ ಲಾಭ ಯಾರಿಗೆ? ಉತ್ತರ ಕೊಡಲಾರದ ಅಂಕಿಯನ್ನು, ಬಾಯಿ ಹೊಲಿದ ಅಡಿಕೆ ಚೀಲದಂತೆ, ಮಂಡಿಯಲ್ಲೇ ಬಿಟ್ಟು ಬರುವುದು ಲೇಸು.